ಎಡಗೈಯ ಸದ್ದು

“ಐತಿ” ಎಂದುಬಿಟ್ಟಿದ್ದ ಈಶ್ವರ. ಆ ಮಾತು ಆಡಿ ಇನ್ನೂ ಒಂದು ತಾಸು ಕಳೆದಿರಲಿಲ್ಲ. ಮಹಾಲಿಂಗಪುರ ಹಿಂದೆ ಉಳಿದು, ಮುಧೋಳದ ರಸ್ತೆ ಮೊಣಕಾಲೆತ್ತರದ ಕುಳೆ ಕಬ್ಬಿನ ನಡುವೆ ನೆಟ್ಟಗೆ ಚಾಚಿಕೊಂಡಿತ್ತು. ಮೋಟರ್‌ಸೈಕಲ್ಲಿನ ಹಿಡಿಕೆಯ ಮೇಲಿದ್ದ ಬಲಗೈಯ ಮೂರು ಬೆರಳುಗಳನ್ನು ಅವನು ಆಗಾಗ ಬಿಚ್ಚಿ ಮಡಚಿ ನೋಡಿಕೊಳ್ಳುತ್ತಿದ್ದ. ಬೆರಳಿಗೆ ಜೋಮು ಹಿಡಿದಿರಬೇಕು ಎಂದು ಮನೆಯಲ್ಲಿ ತನಗೆ ತಾನೇ ಹೇಳಿಕೊಂಡಿದ್ದ. ಈಗ ಹಿಡಿಕೆಯ ಸಣ್ಣ ನಡುಕವೂ ಅದೇ ಬೆರಳುಗಳಿಗೆ ಚೆನ್ನಾಗಿ ತಿಳಿಯುತ್ತಿತ್ತು. ಎರಡು ವರ್ಷದಿಂದ ಹೆಂಡತಿ ರಾಜಶ್ರೀ ಬೆಳಗಿನ ಚಹಾಕ್ಕೆ ಮೊದಲು ಎಡಗೈ ಅವನ ಮುಂದೆ ಚಾಚುತ್ತಿದ್ದಳು. ಮಣಿಕಟ್ಟಿನ ಮೇಲೆ, ಮೀರಜದ ಡಾಕ್ಟರು ಎರಡು ರಕ್ತನಾಳಗಳನ್ನು ಕೂಡಿಸಿ ಹೊಲಿದ ಉಬ್ಬಿನ ಮೇಲೆ, ಅವನು ಮೂರು ಬೆರಳು ಇಡುತ್ತಿದ್ದ. ಚರ್ಮದ ಕೆಳಗೆ ಗುಂಯ್ ಎಂದು ಒಂದು ನಡುಕ ಹಾಯುತ್ತಿತ್ತು. ಅದು ಇದೆಯೆಂದರೆ ರಕ್ತ ಜೋರಾಗಿ ಹರಿಯುತ್ತಿದೆ, ಸೋಮವಾರ ಮತ್ತು ಗುರುವಾರ ಜಮಖಂಡಿಯಲ್ಲಿ ಆ ಉಬ್ಬಿಗೇ ಸೂಜಿ ಚುಚ್ಚಿ ಡಯಾಲಿಸಿಸ್ ಮಷೀನಿಗೆ ಹಚ್ಚಬಹುದು, ಕೆಟ್ಟ ಕಿಡ್ನಿ ಮಾಡದ ಕೆಲಸವನ್ನು ಮಷೀನು ಮಾಡುತ್ತದೆ ಎಂದು ಅರ್ಥ. “ನಿಮ್ಮ ಟ್ರ್ಯಾಕ್ಟರ್ ಚಾಲೂ ಮಾಡಿ ನಿಂದರ್ಸಿಧಂಗ ಐತಿ ನೋಡ್ರಿ” ಎಂದು ಮೊದಮೊದಲು ಅವಳು ನಗುತ್ತಿದ್ದಳು. ಆಮೇಲೆ ನಗು ಹೋಯಿತು, ಕೈ ಚಾಚುವುದಷ್ಟೇ ಉಳಿಯಿತು. ಇವತ್ತು ಬೆರಳ ಕೆಳಗೆ ಏನೂ ಇರಲಿಲ್ಲ. ಒತ್ತಿ ನೋಡಿದ, ಸ್ವಲ್ಪ ಮೇಲೆ ಸರಿಸಿ ನೋಡಿದ. ಹಸಿರು ಬಳೆಗಳು ಬೆರಳಿಗೆ ತಾಗಿದವು. ರಾಜಶ್ರೀ ಅವನ ಮುಖ ನೋಡುತ್ತಿದ್ದಳು. ಅಂಗಳದಲ್ಲಿ, ಪಂದ್ಯಕ್ಕೆ ಟ್ರ್ಯಾಕ್ಟರು ಕೊಡುವ ಹುಲೆಪ್ಪನ ಫೋನು ಬಂದು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಆಗ ಅವನು “ಐತಿ, ಛಲೋ ಐತಿ” ಎಂದ. ಅವಳು ಸೆರಗು ಎಳೆದುಕೊಂಡು ಎದ್ದು ಹೋದಳು.

ಖರೆ ಹೇಳಿದ್ದರೆ ಏನಾಗುತ್ತಿತ್ತು ಎಂಬುದು ಅವನಿಗೆ ಗೊತ್ತಿತ್ತು. ಯಾರದಾದರೂ ಜೀಪು ತಂದು ನೇರ ಜಮಖಂಡಿಗೆ, ಅಲ್ಲಿಂದ ಮೀರಜಕ್ಕೆ. ನಾಳದಲ್ಲಿ ಗಡ್ಡೆ ಕಟ್ಟಿದ ರಕ್ತವನ್ನು ಅದೇ ದಿನ ತೆಗೆದರೆ ಕೈ ಉಳಿಯುತ್ತದೆ ಎಂದು ಜಮಖಂಡಿಯ ನರ್ಸು ಸರಿತಾ ಇಬ್ಬರನ್ನೂ ಕೂರಿಸಿ ಸಾಲಿಯ ಮಕ್ಕಳಿಗೆ ಹೇಳುವ ಹಾಗೆ ಹೇಳಿದ್ದಳು. ರಾಜಶ್ರೀಯ ಬಲಗೈಯಲ್ಲಿ ಮೊದಲು ಮಾಡಿದ ಹೊಲಿಗೆ ಎರಡೇ ತಿಂಗಳಿಗೆ ನಿಂತುಹೋಗಿತ್ತು. ಕುತ್ತಿಗೆಯಲ್ಲಿ ಇಟ್ಟ ನಳಿಕೆ ಕೀವಾಗಿ, ಚಳಿಜ್ವರ ಬಂದು, ಹದಿನೆಂಟು ದಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ಉಳಿದದ್ದು ಈ ಎಡಗೈ ಒಂದೇ. ಇದೆಲ್ಲ ಗೊತ್ತಿದ್ದೂ ಅವನು ಮೋಟರ್‌ಸೈಕಲ್ ಹತ್ತಿದ್ದ. ಸಂಜೆ ಬೇಗ ಬಂದರಾಯಿತು, ಮಧ್ಯಾಹ್ನಕ್ಕೆ ಪಂದ್ಯ ಮುಗಿಯುತ್ತದೆ, ಒಮ್ಮೊಮ್ಮೆ ಬೆಳಿಗ್ಗೆ ಮೆತ್ತಗೆ ಇದ್ದದ್ದು ಬಿಸಿಲೇರಿದ ಮೇಲೆ ಜೋರಾಗುತ್ತದೆ. ಹೀಗೆ ಒಂದೊಂದೇ ಮಾತನ್ನು ಅವನು ಪೋಣಿಸುತ್ತಾ ಹೋದ. ಯಾವುದನ್ನೂ ನಂಬಲಿಲ್ಲ. ನಂಬುವುದು ಅವನಿಗೆ ಬೇಕಾಗಿಯೂ ಇರಲಿಲ್ಲ, ಮುಧೋಳ ಮುಟ್ಟುವ ತನಕ ಸಾಕಾಗುವಷ್ಟು ಮಾತು ಬೇಕಿತ್ತು.

ಅವನು ಸಕ್ಕರೆ ಕಾರ್ಖಾನೆಯೊಂದರ ಕಾಟಾದಲ್ಲಿ ಕಾರಕೂನ. ಕಬ್ಬು ಹೇರಿದ ಟ್ರ್ಯಾಕ್ಟರು ಬಂದು ತೂಕದ ಹಾಸಿನ ಮೇಲೆ ನಿಲ್ಲುತ್ತದೆ, ಕಿಟಕಿಯೊಳಗಿಂದ ಅವನು ಚೀಟಿ ಕೊಡುತ್ತಾನೆ. ಹದಿನಾಲ್ಕು ವರ್ಷ ಅದೇ ಕಿಟಕಿ. ಊರಲ್ಲಿ ಅವನಿಗೆ ‘ಕಾಟಾ ಈಶ್ವರ’ ಎಂದೇ ಹೆಸರು. ಚಾಲಕರು ಸರಿಯಾಗಿ ಹಿಂದಕ್ಕೆ ತರಲಾರದೆ ಟ್ರಾಲಿಯನ್ನು ಅಡ್ಡ ಸಿಕ್ಕಿಸಿಕೊಂಡು ನಿಂತಾಗ ಅವನು ಚೀಟಿಯ ಪುಸ್ತಕ ಮುಚ್ಚಿಟ್ಟು ಇಳಿದು ಹೋಗಿ, ತಾನೇ ಹತ್ತಿ ಕೂತು, ಒಂದೇ ಏಟಿಗೆ ತಂದು ನಿಲ್ಲಿಸುತ್ತಿದ್ದ. ಟ್ರಾಲಿ ಎಡಕ್ಕೆ ಹೋಗಬೇಕೆಂದರೆ ಸ್ಟೇರಿಂಗು ಬಲಕ್ಕೆ ತಿರುಗಿಸಬೇಕು, ಹಾಗೆ ತಿರುಗಿಸಿದವನು ಅದು ಸೊಟ್ಟಗಾಗುವ ಮೊದಲೇ ಮತ್ತೆ ಎಡಕ್ಕೆ ತರಬೇಕು. ಬಹಳ ಜನಕ್ಕೆ ಕೈ ತಿಳಿದರೂ ಮನಸ್ಸು ತಿಳಿಯುವುದಿಲ್ಲ. ಅವನಿಗೆ ಅದು ಹುಟ್ಟುತ್ತಲೇ ಬಂದದ್ದು. ಇದನ್ನು ಮೊದಲು ಕಂಡವನು ಹುಲೆಪ್ಪ. ಎರಡು ಟ್ರ್ಯಾಕ್ಟರಿನ ಧಣಿ, ಬಾಯಿ ದೊಡ್ಡದು, ಅಂಗಿಯ ಮೇಲಿನ ಎರಡು ಗುಂಡಿ ಯಾವಾಗಲೂ ಬಿಚ್ಚಿರುತ್ತವೆ. “ಲೇ ಕಾಟಾ, ನೀ ಇಲ್ಲಿ ಕುಂತು ಏನ್ ಮಾಡಾಕತ್ತೀಪಾ? ಗಾಡಿ ನಂದು, ಕೈ ನಿಂದು, ಬಾ” ಎಂದಿದ್ದ. ಕಬ್ಬಿನ ಹಂಗಾಮ ಮುಗಿದು ಕಾರ್ಖಾನೆ ಬಂದಾದ ಮೇಲೆ ಮಳೆ ಬೀಳುವ ತನಕ ರಿವರ್ಸ್ ಪಂದ್ಯದ ಹಂಗಾಮ. ಒಂದು ನಿಮಿಷ. ಎರಡು ಸುಣ್ಣದ ಗೆರೆಗಳ ನಡುವೆ ಟ್ರಾಲಿ ಜೋಡಿಸಿದ ಟ್ರ್ಯಾಕ್ಟರು ಹಿಂದುಹಿಂದಕ್ಕೆ ಓಡಬೇಕು, ನಿಮಿಷ ಮುಗಿದಾಗ ಹೆಚ್ಚು ಅಡಿ ಹೋದವನು ಗೆದ್ದ. ಗಾಲಿ ಗೆರೆ ಮುಟ್ಟಿತೋ, ಬಾದ, ಪಂದ್ಯದಿಂದ ಹೊರಗೆ. ಈ ಸಲ ನಾಲ್ಕು ಊರಿನವರು ಕೂಡಿ ನಾಲ್ಕೂ ಪಂದ್ಯ ಸೇರಿಸಿ ಒಬ್ಬನನ್ನು ಹಂಗಾಮದ ಗೆಲುವಿನವನು ಎಂದು ಸಾರುವುದಾಗಿ ಠರಾವು ಮಾಡಿದ್ದರು. ಬೀಳಗಿಯಲ್ಲಿ ಈಶ್ವರ ಎರಡನೆಯವನು. ತುಬಚಿಯಲ್ಲಿ ಮೊದಲನೆಯವನು. ಬನಹಟ್ಟಿಯಲ್ಲಿ, ತನ್ನ ಊರಲ್ಲಿ, ತನ್ನ ಸಾಲಿಯ ಬಯಲಲ್ಲಿ, ಬಾದ. ಉಳಿದದ್ದು ಇವತ್ತಿನ ಮುಧೋಳ ಒಂದೇ.

ಆ ದಿನ ಗುರುವಾರ. ಜಮಖಂಡಿಯಲ್ಲಿ ಮಷೀನಿನ ಮೇಲೆ ಇದ್ದಾಗಲೇ ರಾಜಶ್ರೀಯ ಬಿ.ಪಿ. ಇಳಿದು ಕಣ್ಣು ಮೇಲಾಗಿದ್ದವು. ಅವಳನ್ನು ಮನೆಗೆ ತಂದು ಮಲಗಿಸಿ, ಅಂಗಿ ಬದಲಿಸದೆ ಬಯಲಿಗೆ ಓಡಿದ್ದ. ಗೆರೆ ಮುಟ್ಟಿದ್ದು ಕೊನೆಯ ಹತ್ತು ಸೆಕೆಂಡಿನಲ್ಲಿ. ಜನ ಹೋ ಎಂದದ್ದು ಅವನಿಗೆ ನೋವಾಗಲಿಲ್ಲ, ಜನ ಹೋ ಅನ್ನಲೆಂದೇ ಬಂದಿರುತ್ತಾರೆ. ಆದರೆ ಹುಲೆಪ್ಪ ಟ್ರಾಲಿಯ ಹುಕ್ಕು ಬಿಚ್ಚುತ್ತಾ, ಯಾರ ಮುಖವನ್ನೂ ನೋಡದೆ, “ಮನ್ಯಾಗ ಮುತ್ತೈದಿ ಕೈ ಬೋಳಿಟ್ಕೊಂಡು ಕುಂತ್ರ ಗಾಡಿ ಹೆಂಗ ನೆಟ್ಟಗ ಹೊಕ್ಕೈತಿ?” ಎಂದ. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ, ಟೈರು ಸವೆದ ಗಾಡಿ ಕೊಟ್ಟವನು ಇವನೇ. ಈಶ್ವರ ಅದನ್ನು ಅವನ ಮುಖಕ್ಕೇ ಹೇಳಬಹುದಿತ್ತು. ಹೇಳಲಿಲ್ಲ. ಯಾಕೆಂದರೆ ಆ ಮಾತು ಹೊರಬಿದ್ದ ಕ್ಷಣಕ್ಕೆ ಅವನೊಳಗೂ ಏನೋ ಹಗುರವಾಗಿತ್ತು. ತಪ್ಪು ತನ್ನ ಕೈಯದಲ್ಲ, ಇನ್ನೊಂದು ಕೈಯದು. ಅಷ್ಟು ಕೀಳಾಗಿ ತಾನು ಯೋಚಿಸಬಲ್ಲೆ ಎಂದು ತಿಳಿದು ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಕಿಡ್ನಿ ಕೊಡಲು ಇವನ ರಕ್ತದ ಗುಂಪು ಕೂಡುವುದಿಲ್ಲ ಎಂದು ಮೀರಜದ ಡಾಕ್ಟರು ಹೇಳಿದ ದಿನವೂ, ಮುಖ ಸಣ್ಣದು ಮಾಡಿಕೊಂಡು ಹೊರಗೆ ಬಂದವನು ಹೋಟೆಲಿನಲ್ಲಿ ಎರಡು ಪ್ಲೇಟು ಭಜಿ ತಿಂದಿದ್ದ.

ಮುಧೋಳದ ಹೊರಗೆ ರಸ್ತೆ ಪಕ್ಕದ ಬಯಲಿನಲ್ಲಿ ಆಗಲೇ ಜನ ಸೇರಿತ್ತು. ಟ್ರ್ಯಾಕ್ಟರುಗಳ ಮೂತಿಗೆ ನಿಂಬೆಹಣ್ಣು, ಬಾಳೆಕಂಬ, ಪ್ಲಾಸ್ಟಿಕ್ಕಿನ ಹೂವು. ಒಬ್ಬ ಡ್ರೋನು ಹಾರಿಸುತ್ತಿದ್ದ. ಹುಲೆಪ್ಪ ದೂರದಿಂದಲೇ ಕೈ ಎತ್ತಿದ. “ಯಾಕೋ ತಡಾ? ಮನ್ಯಾಗ ಎಲ್ಲಾ ಆರಾಮ ಅದಾರಿಲ್ಲ?” ಕೇಳಿದ ಧಾಟಿಯಲ್ಲೇ ಗೊತ್ತಾಗುತ್ತಿತ್ತು, ಆರಾಮ ಇಲ್ಲ ಎನ್ನುವ ಉತ್ತರಕ್ಕೆ ಇವತ್ತು ಜಾಗವಿಲ್ಲ. “ಅದಾರ” ಎಂದ ಈಶ್ವರ. ಎರಡು ವರ್ಷದಿಂದ ಕಂಡಕಂಡವರೆಲ್ಲ ಅವನನ್ನು ಕೇಳುವುದು ಇದೊಂದೇ. ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ಕಾಟಾದ ಕಿಟಕಿಯಲ್ಲಿ, ಹೆಂಗದಾಳಪಾ ಮನ್ಯಾಕಿ? ಹೆಂಗದಿಯೋ ನೀನು ಎಂದು ಒಬ್ಬನೂ ಕೇಳಿದ್ದಿಲ್ಲ. ಸೋದರಮಾವ ಒಬ್ಬ ಮಾತ್ರ ಬದಿಗೆ ಕರೆದು, ಇನ್ನೂ ನಲವತ್ತೂ ಆಗಿಲ್ಲ ನಿನಗ, ಮುಂದಿನದು ವಿಚಾರ ಮಾಡು ಎಂದಿದ್ದ. ಅವನನ್ನು ಬೈದು ಕಳಿಸಿದ್ದು ಖರೆ. ಆದರೆ ಆ ಇಡೀ ವಾರ ಆ ಮಾತನ್ನು ನೆನೆಸಿದ್ದೂ ಖರೆ. ತುಬಚಿಯಲ್ಲಿ ಗೆದ್ದಾಗ ಮೊದಲ ಸಲ ಅಪರಿಚಿತ ಜನ ಅವನ ಹೆಸರು ಹಿಡಿದು ಕೂಗಿದ್ದರು. ಅದರಲ್ಲಿ ಹೆಂಡತಿ ಇರಲಿಲ್ಲ, ಕಿಡ್ನಿ ಇರಲಿಲ್ಲ, ಕಾಟಾ ಇರಲಿಲ್ಲ. ಆ ಒಂದು ನಿಮಿಷಕ್ಕಾಗಿ ಅವನು ಏನು ಬೇಕಾದರೂ ಕೊಟ್ಟಾನು ಎಂದು ಆಗ ಅನಿಸಿತ್ತು. ಏನು ಬೇಕಾದರೂ ಅನ್ನುವುದು ಇಷ್ಟು ಹತ್ತಿರದ ವಸ್ತು ಎಂದು ಗೊತ್ತಿರಲಿಲ್ಲ.

ಸರದಿಯ ಚೀಟಿ ಎತ್ತಿದಾಗ ಅವನಿಗೆ ಕೊನೆಯ ಸಂಖ್ಯೆ ಬಂತು. ಅಲ್ಲಿಗೆ ಮೂರು ತಾಸು ಕಾಯುವುದು. ಟ್ರಾಲಿಯ ನೆರಳಿನಲ್ಲಿ ಕೂತ. ಎದುರಿಗೆ ಬಳೆ ಮಾರುವ ಹೆಂಗಸೊಬ್ಬಳು ಜನದ ಅಂಚಿನಲ್ಲಿ ಹೊರೆ ಇಳಿಸಿಕೊಂಡು ಕೂತಿದ್ದಳು, ಕೊಳ್ಳುವವರು ಯಾರೂ ಇರಲಿಲ್ಲ. ಮೊನ್ನೆ ಶುಕ್ರವಾರ ಊರಿನ ಬಳೆಗಾರ್ತಿ ಅನಸವ್ವ ಹೀಗೆಯೇ ಅವರ ಅಂಗಳದಲ್ಲಿ ಹೊರೆ ಬಿಚ್ಚಿದ್ದಳು. ಬರಹೇಳಿದ್ದು ಅವನ ತಾಯಿ ಹಾಲವ್ವ. ಪಂದ್ಯಕ್ಕೋ ಕುಸ್ತಿಗೋ ಗಂಡಸು ಹೊರಡುವ ಮುಂದೆ ಮನೆಯ ಮುತ್ತೈದೆಗೆ ಹೊಸ ಹಸಿರು ಬಳೆ ಇಡಿಸುವುದು ಆ ಮನೆಯ ಪದ್ಧತಿ, ಹಾಲವ್ವನ ಗಂಡ ಎತ್ತಿನ ಬಂಡಿ ಓಡಿಸುತ್ತಿದ್ದಾಗಿನದು. ಗಂಡ ಹೋಗಿ ಹನ್ನೊಂದು ವರ್ಷವಾಗಿ ಅವಳ ಕೈಗಳು ಬರಿದಾಗಿದ್ದವು. ಆ ಎರಡೂ ಕೈಗಳನ್ನು ಸೊಸೆಯ ಮುಂದೆ ಹಿಡಿದು, “ನನ್ನ ಕೈ ನೋಡು. ಇದು ದೇವರು ಮಾಡಿದ್ದು. ನಿಂದು ನೀನ ಮಾಡ್ಕೊಂಡೀದಿ” ಎಂದಿದ್ದಳು. ರಾಜಶ್ರೀ ಪಡಸಾಲೆಯಲ್ಲಿ ಪೇಪರು ಹಿಡಿದು ಕೂತಿದ್ದ ಗಂಡನ ಕಡೆ ತಿರುಗಿದಳು. ಆ ಕೈಗೆ ಗಡಿಯಾರ ಬೇಡ, ಬಳೆ ಬೇಡ, ಭಾರ ಬೇಡ, ಆ ಮಗ್ಗುಲಿಗೆ ಮಲಗುವುದು ಬೇಡ ಎಂದು ಸರಿತಾ ಹೇಳುವಾಗ ಹೂಂ ಹೂಂ ಎಂದವನು ಅವನು. ಹೊಲಿಗೆ ಹಾಕಿಸಿದ ದಿನ ಮೀರಜದಲ್ಲಿ ಆ ಕೈಯ ಬಳೆಗಳನ್ನು ಸೋಪು ಹಚ್ಚಿ ಒಂದೊಂದಾಗಿ ತೆಗೆದವನೂ ಅವನೇ. ಈಗ ಅವನು ಪೇಪರು ಮಡಚದೆ, “ದೊಡ್ಡ ಅಳತಿವು ಇಡಿಸ್ಕೊಂಡ್ರಾತು. ಒಂದೆರಡು ದಿನದ ಮಾತು” ಎಂದ.

ದೊಡ್ಡ ಅಳತೆಯ ಹಸಿರು ಬಳೆ ಅನಸವ್ವನ ಹತ್ತಿರ ಇರಲಿಲ್ಲ. ಇದ್ದಿದ್ದರೂ ಅವಳು ಇಡುತ್ತಿರಲಿಲ್ಲ. ಸಡಿಲ ಬಳೆ ಇಟ್ಟಳು ಅನ್ನಿಸಿಕೊಳ್ಳುವುದು ಬಳೆಗಾರ್ತಿಗೆ ಸಾಯುವಷ್ಟು ನಾಚಿಕೆ. ಕೈಯನ್ನು ಹಿಸುಕಿ, ಗಿಣ್ಣು ಒತ್ತಿ, ಹೆಬ್ಬೆರಳು ಒಳಕ್ಕೆ ಮಡಚಿ, ಕಣ್ಣಿಗೆ ಆಗದು ಅನ್ನಿಸುವ ಬಳೆಯನ್ನು ಜಾರಿಸಿ ಇಟ್ಟು, “ಮೈಗೆ ಹತ್ತಿಧಂಗ ಕುಂತಾವ ನೋಡ ತಂಗಿ, ವರ್ಷಾದ್ರೂ ಅಲುಗೂದಿಲ್ಲ” ಎಂದು ಅವಳು ಹೆಮ್ಮೆಪಟ್ಟಳು. ಎಡಗೈಗೆ ಐದು, ಬಲಗೈಗೆ ಆರು. ರಾಜಶ್ರೀ ಪದ್ಧತಿಯಂತೆ ಬಳೆಗಾರ್ತಿಗೂ ಅತ್ತೆಗೂ ನಮಸ್ಕರಿಸಿದಳು. ಎರಡು ವರ್ಷದ ಮೇಲೆ ಎರಡೂ ಕೈ ತುಂಬಿದ್ದವು. ಆ ಸಂಜೆ ಅವಳು ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತದ್ದನ್ನು ಈಶ್ವರ ನೋಡಿದ್ದ, ಚೆಂದ ಕಾಣುತ್ತಾಳೆ ಎಂದುಕೊಂಡಿದ್ದ. ಬಳೆಗಳು ಹೊಲಿಗೆಯ ಉಬ್ಬಿಗಿಂತ ಕೆಳಗೆ, ಮಣಿಕಟ್ಟಿನ ತುದಿಯಲ್ಲಿ ಇದ್ದವು. ಅಲ್ಲೇ ಇದ್ದರೆ ಏನೂ ಆಗುತ್ತಿರಲಿಲ್ಲವೇನೋ. ಶನಿವಾರ ಸಂಜೆ, ಪಂದ್ಯದ ಹಿಂದಿನ ದಿನ ಗಾಡಿಯವರಿಗೆ ಊಟ ಹಾಕಬೇಕೆಂದು ಹುಲೆಪ್ಪ ಎಂಟು ಮಂದಿಯನ್ನು ಕರೆದುಕೊಂಡು ಬಂದ. ಹಾಲವ್ವನಿಗೆ ಸೊಂಟ ನೋವು. ರಾಜಶ್ರೀ ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು. ರೊಟ್ಟಿ ಬಡಿಯುವ ಯಾವ ಹೆಂಗಸಾದರೂ ಮಾಡುವಂತೆ, ಬಳೆ ಹಿಟ್ಟಿಗೆ ತಾಗಬಾರದೆಂದು ಅವನ್ನು ಮೇಲಕ್ಕೆ, ಮುಂಗೈಯ ತುಂಬಿದ ಜಾಗಕ್ಕೆ ಬಿಗಿಯಾಗಿ ಸರಿಸಿಕೊಂಡಳು. ನಲವತ್ತು ರೊಟ್ಟಿ. ಪಂಕ್ತಿಯಲ್ಲಿ ಕೂತ ಈಶ್ವರನಿಗೆ ಒಲೆಯ ಬೆಳಕಿನಲ್ಲಿ ಆ ಕೈ ಕಾಣುತ್ತಿತ್ತು. ಬಳೆ ಐದೂ ಉಬ್ಬಿನ ಮೇಲೆ ಕೂತಿದ್ದವು. ಕಂಡಿತ್ತು, ಅನುಮಾನವಿಲ್ಲ. “ಇನ್ನೆರಡು ರೊಟ್ಟಿ ತಾರವಾ ತಂಗಿ” ಎಂದ ಹುಲೆಪ್ಪ. ಎಂಟು ಮಂದಿಯ ಮುಂದೆ ಹೆಂಡತಿಯ ಕೈಯ ಚಿಂತೆ ಆಡಿ ತೋರಿಸುವುದು ಅವನಿಗೆ ಆಗಲಿಲ್ಲ. ಗಡಿಗೆಯ ಮೊಸರು ಬಡಿಸಿಕೊಂಡು ಊಟ ಮುಗಿಸಿದ.

ಒಂದು ಗಂಟೆಗೆ ಅವನು ಎದ್ದು ಜನದಿಂದ ದೂರ ಹೋಗಿ ಮನೆಗೆ ಫೋನು ಹಚ್ಚಿದ. ಬಹಳ ಹೊತ್ತಿನ ಮೇಲೆ ರಾಜಶ್ರೀ ಎತ್ತಿದಳು.

“ಊಟಾ ಆತೇನ್ರಿ?” ಎಂದಳು.

“ಆತು. ಕೈ ಹೆಂಗೈತಿ?”

ಆ ಕಡೆ ಪಾತ್ರೆಯ ಸದ್ದು ಕೇಳಿಸಿತು. ಆಮೇಲೆ ಅದೂ ನಿಂತಿತು.

“ಮುಂಜಾನಿ ನೀವ ನೋಡಿದ್ರೆಲ್ಲಾ” ಎಂದಳು.

“ಹೂಂ. ಮತ್ತ ಈಗ?”

“ನೀವ ಬಂದು ನೋಡ್ರಿ. ನನಗೇನ್ ತಿಳಿತೈತಿ.” ಮಾತಿನಲ್ಲಿ ಸಿಟ್ಟಿರಲಿಲ್ಲ. “ನಿಮ್ಮ ಪಾಳಿ ಯಾವಾಗ?”

ಈಗ ಬರುತ್ತೇನೆ ಅನ್ನುವ ಮಾತು ಅವನ ಗಂಟಲಿನ ತನಕ ಬಂತು. ಒಂದು ತಾಸಿನ ಹಾದಿ. ಈಗ ಹೊರಟರೆ ಎರಡಕ್ಕೆ ಮನೆ, ಮೂರಕ್ಕೆ ಜಮಖಂಡಿ. ಅಷ್ಟರಲ್ಲಿ ಬಯಲಿನಲ್ಲಿ ದೊಡ್ಡ ಸದ್ದೆದ್ದಿತು. ರನ್ನ ಬೆಳಗಲಿಯ ದುರಗೇಶ, ಬೀಳಗಿಯಲ್ಲಿ ಇವನನ್ನು ಹಿಂದೆ ಹಾಕಿದವನು, ಗೆರೆ ಮುಟ್ಟಿ ಬಾದ ಆಗಿದ್ದ. “ಕಾಟಾ, ಲೇ ಕಾಟಾ” ಎಂದು ಹುಲೆಪ್ಪ ಟವೆಲು ಬೀಸುತ್ತಿದ್ದ. ಇನ್ನು ಇವನನ್ನು ತಡೆಯುವವರು ಯಾರೂ ಉಳಿದಿರಲಿಲ್ಲ. “ಆಮ್ಯಾಲ ಮಾಡ್ತೇನಿ” ಎಂದು ಫೋನು ಇಟ್ಟ. ದುರಗೇಶ ಬಾದ ಆಗದೆ ಇದ್ದಿದ್ದರೆ ತಾನು ಹೊರಟೇ ಬಿಡುತ್ತಿದ್ದೆ ಎಂದು ಆಮೇಲೆ ಎಷ್ಟೋ ಸಲ ಹೇಳಿಕೊಂಡ, ಅದೂ ಖರೆಯಲ್ಲ.

ಟ್ರ್ಯಾಕ್ಟರು ಹತ್ತಿ ಕೂತ ಮೇಲೆ ಮಾತ್ರ ಅವನ ತಲೆಯೊಳಗಿನ ಗದ್ದಲ ಅಡಗಿತು. ಚಾಲೂ ಮಾಡಿ ಬಿಟ್ಟಾಗ ಇಂಜಿನಿನ ಗುಂಯ್ ಸದ್ದು ಸೀಟಿನಿಂದ ಬೆನ್ನಿಗೆ, ಸ್ಟೇರಿಂಗಿನಿಂದ ಬೆರಳಿಗೆ ಹತ್ತಿತು. ಅದೇ ಮೂರು ಬೆರಳು. ಅವನು ಕೈ ಹಿಂದಕ್ಕೆ ಎಳೆದುಕೊಂಡು ಪ್ಯಾಂಟಿಗೆ ಒರೆಸಿಕೊಂಡ. ಹುಲೆಪ್ಪ ಕೆಳಗಿನಿಂದ, “ಏನಾತೋ?” ಎಂದ. “ಬೆವರು” ಎಂದ ಈಶ್ವರ. ಕತ್ತು ತಿರುಗಿಸಿ ಹಿಂದೆ ನೋಡಿದ. ಸುಣ್ಣದ ಗೆರೆಗಳು ದೂರದಲ್ಲಿ ಒಂದಾಗುವಂತೆ ಕಾಣುತ್ತಿದ್ದವು. ನಿಶಾನೆ ಬಿತ್ತು. ಆ ನಿಮಿಷದ ಬಗ್ಗೆ ಅವನಿಗೆ ಆಮೇಲೆ ಹೆಚ್ಚೇನೂ ನೆನಪಿರಲಿಲ್ಲ. ಟ್ರಾಲಿ ಒಮ್ಮೆ ಬಲಕ್ಕೆ ಎಳೆದದ್ದು, ಎಳೆಯುವ ಮುಂಚೆಯೇ ಕೈಗೆ ಗೊತ್ತಾದದ್ದು, ತಾನು ಸಣ್ಣಗೆ ನಗುತ್ತಿದ್ದದ್ದು. ಸುಖವಾಗಿತ್ತು. ಎರಡು ವರ್ಷದಲ್ಲಿ ಅಷ್ಟು ಸುಖ ಅವನಿಗೆ ಯಾವುದರಲ್ಲೂ ಸಿಕ್ಕಿರಲಿಲ್ಲ, ಅದನ್ನು ಅಲ್ಲಗಳೆಯಲು ಅವನಿಗೆ ಈಗಲೂ ಆಗುವುದಿಲ್ಲ. ಸೀಟಿ ಊದಿದಾಗ ದುರಗೇಶನಷ್ಟೇ ಅಲ್ಲ, ಎಲ್ಲರೂ ಹಿಂದೆ ಬಿದ್ದಿದ್ದರು.

ಗುಲಾಲು ಎರಚಿದರು. ಹೆಗಲ ಮೇಲೆ ಹೊತ್ತರು. ಬಹುಮಾನವೆಂದು ಬೆಳ್ಳಿಯ ನೀರು ಕುಡಿಸಿದ ಒಂದು ಸ್ಟೇರಿಂಗು ಕೊಟ್ಟರು, ಹಿಂದೆ ಗಾಡಿಯಿಲ್ಲದ ಬರೀ ಸ್ಟೇರಿಂಗು. ಅದನ್ನು ಹಿಡಿದು ನಿಂತವನ ಪಕ್ಕದಲ್ಲಿ ಮೈಕು ಹಿಡಿದವನು ಕೂಗುತ್ತಿದ್ದ. “ಮನ್ಯಾಗ ಹೆಂಡತಿ ಹಾಸಿಗಿ ಹಿಡದಾಳ್ರೀ. ವಾರಕ್ಕ ಎರಡು ಸಲ ರಕ್ತಾ ಸೋಸೂ ಕೆಲಸಾ. ಅಂಥಾದ್ರಾಗ ಈ ಗಂಡಸು ಧೈರ್ಯಾ ಬಿಡಲಿಲ್ರೀ.” ಜನ ಚಪ್ಪಾಳೆ ತಟ್ಟಿದರು. ಕೆಲವರು ಕಣ್ಣು ಒರೆಸಿಕೊಂಡರು. ಇದನ್ನು ಮೈಕಿನವನಿಗೆ ಹೇಳಿಕೊಟ್ಟವನು ಹುಲೆಪ್ಪ ಎಂದು ಈಶ್ವರನಿಗೆ ತಿಳಿಯಿತು. ತಡೆಯಬೇಕೆಂದು ಒಂದು ಹೆಜ್ಜೆ ಮುಂದಿಟ್ಟ. ಆದರೆ ತಲೆ ತಾನಾಗಿಯೇ ಬಗ್ಗಿತು, ದುಃಖ ನುಂಗಿಕೊಂಡವನ ಹಾಗೆ. ಅವನು ಆ ಚಪ್ಪಾಳೆಯನ್ನೂ ತೆಗೆದುಕೊಂಡ. ಊಟ ಮಾಡಿ ಹೋಗು, ಮೆರವಣಿಗೆ ಮಾಡೋಣ ಎಂದವರಿಂದ ಬಿಡಿಸಿಕೊಳ್ಳುವಷ್ಟರಲ್ಲಿ ನಾಲ್ಕು ಹೊಡೆದಿತ್ತು.

ಮನೆಗೆ ಬಂದಾಗ ಹಾಲವ್ವ ಆರತಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. “ನೋಡಿದ್ಯಾ, ಬಳಿ ಕೈ ಹಿಡದ್ವು” ಎಂದಳು. ಒಳಗೆ ರಾಜಶ್ರೀ ಗೋಡೆಗೆ ಆತು ಕೂತಿದ್ದಳು. ಎಡಗೈ ತೊಡೆಯ ಮೇಲೆ ಬೇರೆ ಯಾರದೋ ಕೈಯಂತೆ ಇತ್ತು. ಮಣಿಕಟ್ಟು ಬಾತು, ಉಬ್ಬು ಹಗ್ಗದ ಗಂಟಿನ ಹಾಗೆ ಬಿರುಸಾಗಿ, ಬಳೆಗಳು ಚರ್ಮದಲ್ಲಿ ಹೂತಿದ್ದವು. ಅವನು ಸ್ಟೇರಿಂಗನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತ. “ಗೆದ್ರೇನ್ರಿ?” ಎಂದಳು. ಅವನು ಹೂಂ ಎಂದ. “ಛಲೋ ಆತು” ಎಂದಳು. ಹೊರಗೆ, ಅವನ ಹಿಂದೆಯೇ ಬಂದಿದ್ದ ಹುಲೆಪ್ಪನ ಜೀಪಿತ್ತು. ಜಮಖಂಡಿಯ ತನಕ ಹುಲೆಪ್ಪನೇ ಓಡಿಸಿದ. ಗುಲಾಲು ಈಶ್ವರನ ಕಿವಿಯೊಳಗೆ, ಕಾಲರಿನೊಳಗೆ ಕಚಗುಳಿ ಇಡುತ್ತಿತ್ತು. ಒರೆಸಿದಷ್ಟೂ ಹರಡಿತು.

ಆಸ್ಪತ್ರೆಯ ಡಯಾಲಿಸಿಸ್ ಕೋಣೆಯಲ್ಲಿ ಭಾನುವಾರವೂ ಒಂದು ಪಾಳಿ ನಡೆಯುತ್ತಿತ್ತು. ಸರಿತಾ ಆ ಕೈ ನೋಡಿದವಳೇ ಯಾರನ್ನೂ ಬೈಯಲಿಲ್ಲ, ಮುಖ ಮಾತ್ರ ಗಟ್ಟಿಯಾಯಿತು. ಡಾಕ್ಟರನ್ನು ಕರೆದುಕೊಂಡು ಬಂದಳು. ಹೊಸದಾಗಿ ಬಂದ ಚಿಕ್ಕ ವಯಸ್ಸಿನವರು, ದಾವಣಗೆರೆ ಕಡೆಯವರು. ಸ್ಟೆತಸ್ಕೋಪನ್ನು ಉಬ್ಬಿನ ಮೇಲಿಟ್ಟು ಕಣ್ಣು ಮುಚ್ಚಿ ಕೇಳಿದರು. ಜಾಗ ಬದಲಿಸಿ ಮತ್ತೆ ಕೇಳಿದರು.

“ನಿಂತುಹೋಗಿದೆ” ಎಂದರು. “ಯಾವಾಗಿನಿಂದ? ಅದು ಬಹಳ ಮುಖ್ಯ. ಇವತ್ತು ಬೆಳಿಗ್ಗೆ ಸದ್ದು ಇತ್ತು ಅಂದರೆ ಈಗಲೇ ಮೀರಜಿಗೆ ಫೋನ್ ಮಾಡ್ತೀನಿ, ಗಡ್ಡೆ ತೆಗೆದು ಉಳಿಸೋಕೆ ನೋಡ್ತಾರೆ. ನಿನ್ನೆಯಿಂದಲೇ ಇಲ್ಲ ಅಂದರೆ ಅಷ್ಟು ದೂರ ಓಡಿ ಪ್ರಯೋಜನ ಕಡಿಮೆ. ನಾಳೆ ಡಯಾಲಿಸಿಸ್ ಇದೆ ಅಲ್ವಾ, ಇವತ್ತು ರಾತ್ರಿಯೇ ಕುತ್ತಿಗೆಯಲ್ಲಿ ನಳಿಕೆ ಇಡಬೇಕಾಗುತ್ತೆ.”

ಕುತ್ತಿಗೆ ಎಂದಾಗ ರಾಜಶ್ರೀಯ ಬಲಗೈ ತಾನಾಗಿಯೇ ಹಳೆಯ ಕಲೆಯ ಮೇಲೆ ಹೋಯಿತು. ಸರಿತಾ ಈಶ್ವರನ ಕಡೆ ನೋಡಿದಳು. “ದಿನಾ ನೋಡವರು ನೀವ ಅಲ್ರಿ? ಇವತ್ತ ಮುಂಜಾನಿ ಇತ್ತೇನ್ರಿ?”

ಇರಲಿಲ್ಲ ಎಂದರೆ ಎಲ್ಲ ಗೊತ್ತಾಗುತ್ತದೆ. ಇತ್ತು ಎಂದರೆ ಮೀರಜವಾದರೂ ಸಿಗುತ್ತದೆ. ಅವಳಿಗೆ ಅನುಕೂಲವಾಗಲೆಂದೇ ತಾನು ಹೀಗೆ ಹೇಳುತ್ತಿದ್ದೇನೆ ಎಂದು ಕೂಡ ಆ ಒಂದು ಕ್ಷಣದಲ್ಲಿ ಅವನ ಮನಸ್ಸು ಲೆಕ್ಕ ಹಾಕಿ ಮುಗಿಸಿತು.

“ಇತ್ರಿ” ಎಂದ. “ಛಲೋ ಇತ್ತು.”

ಡಾಕ್ಟರು ಫೋನು ತೆಗೆದು ನಂಬರು ಹುಡುಕತೊಡಗಿದರು.

“ಇರ್ಲಿಲ್ರಿ” ಎಂದಳು ರಾಜಶ್ರೀ. ದನಿ ಏರಿರಲಿಲ್ಲ, ತರಕಾರಿಯವನಿಗೆ ಬೇಡ ಅನ್ನುವಷ್ಟೇ ಇತ್ತು. “ನಿನ್ನೆ ರಾತ್ರಿ ಊಟಾ ಬಡಿಸಿ ಕೈ ತೊಳಿಯೂ ಮುಂದ ನೋಡ್ಕೊಂಡೆ. ಆವಾಗ ನಿಂತಿತ್ತು.”

“ಮತ್ತೆ ಯಾಕೆ ಹೇಳಲಿಲ್ಲ?” ಎಂದರು ಡಾಕ್ಟರು.

“ಹೇಳಿದ್ರ ಇವ್ರು ಪಂದ್ಯಾ ಬಿಡ್ತಿದ್ರಿ. ಬಿಟ್ಟು, ನಾ ಇರೂಮಟಾ ಈ ಕೈಯಿಂದನ ಪಂದ್ಯಾ ಹೋತು ಅಂತಿದ್ರು.” ಅವಳು ಗಂಡನ ಕಡೆ ನೋಡುತ್ತಿರಲಿಲ್ಲ, ಎದುರಿನ ಮಷೀನಿನಲ್ಲಿ ಬೇರೆ ಯಾರದೋ ರಕ್ತ ಸುತ್ತುವುದನ್ನು ನೋಡುತ್ತಿದ್ದಳು. “ಅದಕ್ಕ ಮುಂಜಾನಿ ಕೈ ಕೊಟ್ಟೆ. ನಿಂತದ್ದು ಇವ್ರಿಗೆ ತಿಳಿತೈತಿ, ಬೆರಳು ಭಾಳ ಚುರುಕ ಅದಾವು. ಏನಂತಾರ ನೋಡೂಣು ಅಂತ ಕೊಟ್ಟೆ.”

ಡಾಕ್ಟರು ಫೋನನ್ನು ಜೇಬಿಗೆ ಇಳಿಸಿದರು. ಇಬ್ಬರನ್ನೂ ಒಮ್ಮೆ ನೋಡಿ, ನಳಿಕೆಯ ಸಾಮಾನು ತೆಗೆದಿಡಲು ಸರಿತಾಳಿಗೆ ಹೇಳಿ, ಕೈ ತೊಳೆಯಲು ಹೋದರು. ಸರಿತಾ ರಾಜಶ್ರೀಯ ಕೈಗೆ ಸೋಪಿನ ನೀರು ಹಚ್ಚಿ ಬಳೆ ಜಾರಿಸಲು ನೋಡಿದಳು. ಒಂದೂ ಕದಲಲಿಲ್ಲ. ಮತ್ತೊಮ್ಮೆ ನೋಡಿ, ಬಿಟ್ಟು, ಈಶ್ವರನ ಕಡೆ ತಿರುಗಿದಳು. ಗಂಡ ಜೀವಂತ ಎದುರಿಗೆ ನಿಂತಿರುವಾಗ ಹೆಂಗಸಿನ ಕೈಯ ಬಳೆ ಒಡೆಯುವುದು ಅವಳಿಗೂ ಆಗದ ಕೆಲಸ, ಅವಳೂ ಇದೇ ಸೀಮೆಯವಳು.

“ನೀವೊಂದೀಟು ಹೊರಗ ನಿಂದರ್ರಿ, ಅಣ್ಣಾರ” ಎಂದಳು.

ಅವನು ಬಾಗಿಲ ಕಡೆ ಹೊರಟ. ಹೊರಗೆ ಹೋಗು ಎಂದದ್ದು ಅವನಿಗೆ ಉಪಕಾರದಂತೆ ಕೇಳಿಸಿತ್ತು.

“ಬ್ಯಾಡ” ಎಂದಳು ರಾಜಶ್ರೀ. “ಅವ್ರು ಇಲ್ಲೇ ನಿಂದರ್ಲಿ. ನೀವು ಒಡೀರಿ.”

ಸರಿತಾ ಕೈಯ ಕೆಳಗೆ ಬಿಳಿ ಬಟ್ಟೆ ಮಡಚಿ ಹಾಸಿ, ಇಕ್ಕಳ ಎತ್ತಿಕೊಂಡಳು. ಈಶ್ವರ ಗುಲಾಲಿನ ಮುಖದಲ್ಲಿ ಮಂಚದ ಕಾಲ ಹತ್ತಿರ ನಿಂತು ನೋಡಿದ. ಮೊದಲನೆಯ ಬಳೆ ಒಡೆದ ಸದ್ದು ಬಹಳ ಸಣ್ಣದಿತ್ತು.